ಎಮ್ಮಿ ಮಾಲಕಿ

"ಏ ಮುಮತಾಜ, ಎಮ್ಮಿ ಇದ್ದಾಕಿ ಮಾರಿ ಹಿಂಗಿರ್ತದೇನಬೇ? ಹೆಂಡಿ ಬುಟ್ಟಿ ಹೊತ್ತು ಹೊತ್ತು ನಿನ್ನ ಮಾರೀನೂ ಹೆಂಡಿಗತೆ ಆಗ್ಯಾದ. ಕುತ್ತಿಗಿ ಎತ್ತು. ಇನ್ನಾ ಎತ್ತು. ಏ, ಅಷ್ಟ ಬ್ಯಾಡ. ನನ್ನ ಸರೀಕ ಆಗಾಕ ಹೋಗಬ್ಯಾಡ."

ದೌಲತರಾಯ ಕೊಟ್ಟಿಗೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಮುಮತಾಜಳ ಕೈ ಮೊಣಕೈತನಕ ಸಗಣಿಯಲ್ಲಿತ್ತು. ಎಂಟು ವರ್ಷದಿಂದ ಈ ಕೊಟ್ಟಿಗೆಯ ಸಗಣಿ ಅವಳ ಪಾಲು. ಬಾಚಬೇಕು, ತಿಪ್ಪೆಗೆ ಹೊರಬೇಕು, ತೊಗರಿ ಹೊಟ್ಟು ಕಲಸಬೇಕು, ಹಾಲು ಹಿಂಡಿ ಧಣಿಯ ಅಡುಗೆಮನೆಗೆ ಮುಟ್ಟಿಸಬೇಕು. ಕುತ್ತಿಗೆ ಎತ್ತುವ ಕೆಲಸ ಮಾತ್ರ ಇವತ್ತೇ ಹೊಸದು.

ಮೊದಲಿದ್ದ ಆಕಳ ಜಾಗಕ್ಕೆ ಎಮ್ಮೆಗಳು ಬಂದದ್ದು ಎರಡು ವರ್ಷದ ಹಿಂದೆ. ಬಡತನ ತೊಲಗಿಸುವ ರಾಷ್ಟ್ರೀಯ ನಿಧಿಯೊಂದರಿಂದ ದೌಲತರಾಯನ ಗ್ರಾಮೋದ್ಧಾರ ಸಂಸ್ಥೆಗೆ ಅನುದಾನ ಬಂದಿತ್ತು. ಸುತ್ತಲ ಊರುಗಳ ನಲವತ್ತು ಬಡ ಹೆಂಗಸರಿಗೆ ನಲವತ್ತು ಎಮ್ಮೆ. ನಲವತ್ತು ಹೆಸರು ಬರೆದದ್ದು ಖರೆ, ನಲವತ್ತು ಸಹಿ ತೆಗೆದುಕೊಂಡದ್ದೂ ಖರೆ. ಎಮ್ಮೆ ಆರು ಬಂದವು, ಆರೂ ದೌಲತರಾಯನ ಕೊಟ್ಟಿಗೆಯಲ್ಲೇ ನಿಂತವು. ಉಳಿದ ಮೂವತ್ತನಾಲ್ಕು ಎಮ್ಮೆ ಒಂದರ ಮೇಲೊಂದು ಏರಿ ಧಣಿಯ ಮನೆಯ ಎರಡನೆಯ ಅಂತಸ್ತಾದವು ಎಂದು ಊರ ಮಂದಿ ಅನ್ನುತ್ತಿದ್ದರು. ಮೆಲ್ಲಗೆ ಅನ್ನುತ್ತಿದ್ದರು.

ಬಾರದೇ ಹೋದ ಎಮ್ಮೆಯಿಂದ ಮುಮತಾಜಳಿಗೆ ಮೊದಲು ಹಾನಿಯೇನೂ ಕಾಣಲಿಲ್ಲ. ಎಂಟು ತಿಂಗಳ ಹಿಂದೆ ರೇಷನ್ ಅಂಗಡಿಯ ಮುಜೀಬ ಅವಳ ಚೀಲವನ್ನು ಹಾಗೇ ಹಿಂದಕ್ಕೆ ಕೊಟ್ಟಾಗ ಹಾನಿ ಗೊತ್ತಾಯಿತು. "ಚಾಚಿ, ನಿಮ್ಮ ಕಾರ್ಡ್ ಬಂದ್ ಆಗ್ಯಾದ. ನೀವು ಎಮ್ಮಿ ಮಾಲಕಿ ಅಂತ ತೋರಸ್ತದ." ಅವಳು ಕೂಲಿ ಬಿಟ್ಟು, ಬಸ್ಸು ಹತ್ತಿ, ಒಂದು ದಫ್ತರದಿಂದ ಇನ್ನೊಂದು ದಫ್ತರಕ್ಕೆ ಅಲೆದಳು. ಕೊನೆಗೆ ಒಬ್ಬ ಗುಮಾಸ್ತ ಕಂಪ್ಯೂಟರಿನಲ್ಲಿ ನೋಡಿ ನಕ್ಕ. "ವರ್ಷಕ್ಕ ಒಂದು ಲಕ್ಷ ನಲವತ್ನಾಲ್ಕು ಸಾವಿರ ಆದಾಯ ಅದ ನಿನಗ. ಬಡತನ ದಾಟೀದಿ. ಪೇಢೆ ಕೊಡಬೇಕು ನೀನು." ಅಂದಿನಿಂದ ಹಾಸಿಗೆ ಹಿಡಿದ ಅತ್ತೆ, ಹೈಸ್ಕೂಲಿಗೆ ಹೋಗುವ ಮಗಳು ಅಫ್ರೀನ, ತಾನು, ಮೂರು ಹೊಟ್ಟೆಗೆ ಧಣಿಯ ಮನೆಯ ದಿನಗೂಲಿ ನೂರೈವತ್ತು ರೂಪಾಯಿಯಲ್ಲೇ ಅಕ್ಕಿ ಕೊಳ್ಳಬೇಕು. ಮಂಡಕ್ಕಿ ತಿಂದು ಮಲಗುವ ದಿನಗಳು ಹೆಚ್ಚಾದವು.

ಇವತ್ತು ಬೆಂಗಳೂರಿನಿಂದ ಆಡಿಟ್ ಮೇಡಂ ಬರುವವಳಿದ್ದಳು. ನಲವತ್ತರಲ್ಲಿ ಮೂರು ಹೆಸರು ಚೀಟಿ ಎತ್ತಿದ್ದಳಂತೆ. ಈ ಊರಿನಲ್ಲಿ ಮುಮತಾಜ, ಘತ್ತರಗಿಯಲ್ಲಿ ಒಬ್ಬಳು, ಯಡ್ರಾಮಿಯಲ್ಲಿ ಒಬ್ಬಳು. ಎಮ್ಮೆ ಕಣ್ಣಾರೆ ನೋಡಬೇಕು, ಅದರ ಕಿವಿಗೆ ಹಳದಿ ಬಿಲ್ಲೆ ಇರಬೇಕು, ಬಿಲ್ಲೆಯ ನಂಬರು ಹೆಂಗಸಿನ ಹೆಸರಿನಲ್ಲಿ ದಾಖಲಾಗಿರಬೇಕು, ವಿಮೆಯ ಕಾಗದವೂ ಆಕೆಯ ಹೆಸರಿನಲ್ಲೇ ಇರಬೇಕು ಎಂದು ಮೊದಲೇ ಪತ್ರ ಬಂದಿತ್ತು. ಸಂಸ್ಥೆಯ ಸೆಕ್ರೆಟರಿ ಸುನೀಲಕುಮಾರ, ಅಂದರೆ ಧಣಿಯ ಅಳಿಯ, ಎರಡು ದಿನ ನಿದ್ದೆಗೆಟ್ಟು ಎಲ್ಲ ಮಾಡಿಸಿದ್ದ. ಮೂರು ಬಿಲ್ಲೆ, ಮೂರು ಹೆಸರು, ಒಂದು ಎಮ್ಮೆ. ಸದ್ಯ ಕರು ಹಾಕಿ ಹಾಲು ಕೊಡುತ್ತಿದ್ದದ್ದು ಆರರಲ್ಲಿ ಅದೊಂದೇ. ಇಲ್ಲಿ ಪರಿಶೀಲನೆ ಮುಗಿದ ಕೂಡಲೇ ಬಿಲ್ಲೆ ಕಿತ್ತು, ಇನ್ನೊಂದು ಹೊಡೆದು, ಟೆಂಪೋದಲ್ಲಿ ಘತ್ತರಗಿಗೆ ಒಯ್ಯುವುದು, ನಾಳೆ ಯಡ್ರಾಮಿಗೆ.

"ಮಾಮಾ, ಎಮ್ಮಿ ಗುರ್ತ ಹಿಡದಾಳೇನು ಆಕಿ?" ಎಂದು ಸುನೀಲಕುಮಾರ ಕೇಳಿದ.

"ಎಮ್ಮಿ ಮಾರಿ ಯಾರ ನೋಡ್ತಾರೋ? ಎಲ್ಲಾ ಕರೀನ ಇರ್ತಾವ. ಬಡವರದೂ ಹಂಗ, ಎಲ್ಲಾ ಒಂದ ಮಾರಿ." ದೌಲತರಾಯ ಮುಮತಾಜಳ ಕಡೆ ತಿರುಗಿದ. "ಏನಂತ ಹೇಳ್ತಿ, ಹೇಳು ನೋಡೋಣು."

"ಎಮ್ಮಿ ನಂದರಿ. ಎರಡ ವರ್ಷ ಆತ್ರಿ. ದಿನಾ ಎಂಟ ಲೀಟರ್ ಕೊಡ್ತದರಿ."

"ಮತ್ತ?"

"ಸಂಸ್ಥಾದವರು ದೇವರಿದ್ದಂಗರಿ."

"ಹಾಂ. ಅದನ್ನ ಮೊದಲ ಹೇಳು."

"ಧಣ್ಯಾರ, ಒಂದ ಮಾತ್ರಿ," ಎಂದಳು ಮುಮತಾಜ. "ಎಮ್ಮಿ ಅದ ಅಂತ ಹೇಳಿದ್ರ ಅಕ್ಕಿ ಕಾರ್ಡ್ ಹ್ಯಾಂಗ ತಿರಗಿ ಬರ್ತದ್ರಿ?"

"ಅದು ನಿನ್ನ ತಲಿಗಿ ನಿಲುಕು ಮಾತಲ್ಲ. ನಾ ಹೇಳೇನಿ ಅಂದ್ರ ಬರ್ತದ. ಇವತ್ತ ಆಡಿಟ್ ಪಾಸ್ ಆಗಲಿ, ನಾಳೆ ಕಾರ್ಡ್."

ಎಂಟು ತಿಂಗಳಲ್ಲಿ 'ನಾಳೆ' ಎಂದವರು ಯಾರೂ ಇರಲಿಲ್ಲ. ಮುಮತಾಜ ಕೈ ತೊಳೆದುಕೊಂಡಳು.

*

ಮುಮತಾಜಳ ಮನೆ ಅಂದರೆ ಮೂರು ಕಡೆ ತಗಡು, ಒಂದು ಕಡೆ ಮಣ್ಣಿನ ಗೋಡೆ. ಜಾಗ ದೌಲತರಾಯನದೇ. ಧಣಿಯ ಆಳು ಚಂದಪ್ಪ ಎಮ್ಮೆಯನ್ನೂ ಕರುವನ್ನೂ ತಂದು ಅದರ ಮುಂದೆ ಗೂಟ ಬಡಿದು ಕಟ್ಟಿದ್ದ. ನೆಲ ನೋಡಿದರೆ ಹೊಸದಾಗಿ ಕಟ್ಟಿದ್ದು ಗೊತ್ತಾದೀತು ಎಂದು ಸುನೀಲಕುಮಾರ ಎರಡು ಬುಟ್ಟಿ ಸಗಣಿ ತರಿಸಿ ಅಲ್ಲಲ್ಲಿ ಇಡಿಸಿದ. ನಿಧಿಯ ಹಣದಲ್ಲಿ ಆ ಅಂಗಳಕ್ಕೆ ಅಲ್ಲಿತನಕ ಬಂದದ್ದು ಅಷ್ಟೇ.

ಆಚೆಮನೆಯ ಶಿವಗಂಗಾ ಹೊಸ್ತಿಲ ಮೇಲೆ ಕುಳಿತು ಎಲ್ಲ ನೋಡುತ್ತಿದ್ದಳು. ಆಕೆಯೂ ಪಟ್ಟಿಯಲ್ಲಿದ್ದವಳೇ, ಆಕೆಯ ಕಾರ್ಡೂ ಹೋಗಿತ್ತು.

"ಏನವಾ ಮುಮತಾಜ, ಗಂಡಸಿಲ್ಲದ ಮನಿಗಿ ಎಮ್ಮಿ ಬಂತಲ್ಲ. ನಮ್ಮನಿಗಿ ಯಾವಾಗ ಕಳಸ್ತಿ?"

"ಚೀಟಿ ನಿಂದ ಹತ್ತಬೇಕಿತ್ತವಾ. ನನಗರೆ ಏನ ಗೊತ್ತು."

ಮೇಡಂ ಬಂದಳು. ಭುವನೇಶ್ವರಿ ಅಂತ ಹೆಸರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು, ಕಾಲಲ್ಲಿ ಬಿಳಿ ಬೂಟು. ಒಳ್ಳೆಯ ಹೆಂಗಸು. ಸಗಣಿ ತುಳಿದರೂ ಮುಖ ಕಿವುಚಲಿಲ್ಲ. ಎಮ್ಮೆಯ ಬಿಲ್ಲೆಯ ಫೋಟೋ ತೆಗೆದಳು, ಬಾಗಿಲಿನ ಫೋಟೋ ತೆಗೆದಳು, ಎಮ್ಮೆ, ಬಾಗಿಲು, ಮುಮತಾಜ ಮೂರೂ ಬರುವ ಹಾಗೆ ಇನ್ನೊಂದು ತೆಗೆದಳು. ಆಮೇಲೆ ಪ್ರಶ್ನೆ ಶುರುವಾದವು.

"ಎಮ್ಮೆ ಬಂದಮೇಲೆ ನಿಮ್ಮ ಜೀವನದಲ್ಲಿ ಏನು ಬದಲಾವಣೆ ಆಯಿತಮ್ಮ?"

ಕಲಿಸಿದ ಉತ್ತರಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಮುಮತಾಜ ಖರೆಯನ್ನೇ ಹೇಳಿದಳು. "ರೇಷನ್ ಅಕ್ಕಿ ಬಂದ್ ಆಗ್ಯಾವ್ರಿ."

ಸುನೀಲಕುಮಾರ ಜೋರಾಗಿ ಕೆಮ್ಮಿದ. ಮೇಡಮ್ಮನ ಮುಖ ಮಾತ್ರ ಅರಳಿತು. ಟ್ಯಾಬಿನಲ್ಲಿ ಒತ್ತುತ್ತ ತಾನೇ ಓದಿಕೊಂಡಳು: "ಪಡಿತರದ ಮೇಲಿನ ಅವಲಂಬನೆ ಪೂರ್ತಿ ನಿಂತಿದೆ." ಮುಂದಿನ ಸಾಲು, "ಫಲಾನುಭವಿಯ ಮುಖದಲ್ಲಿ ಆತ್ಮವಿಶ್ವಾಸ ಕಂಡುಬಂದಿತೇ?" ಮುಮತಾಜಳ ಮುಖ ನೋಡಿದಳು. ಹೌದು ಎಂಬುದನ್ನು ಒತ್ತಿದಳು.

"ಒಂದ್ಸಲ ಹಾಲು ಕರೆದು ತೋರಿಸ್ತೀರಾ? ವಿಡಿಯೋ ಬೇಕು."

"ಹೊತ್ತಲ್ಲದ ಹೊತ್ತಿಗೆ ಕೊಡಂಗಿಲ್ರಿ ಮೇಡಂ," ಎಂದು ಸುನೀಲಕುಮಾರ ಅಡ್ಡ ಬಂದ. "ಹೊಸ ಮಂದಿ ಇದ್ರ ಒದೀತದರಿ."

ಮುಮತಾಜ ಆಗಲೇ ಚರಿಗೆ ಹಿಡಿದು ಕುಳಿತಿದ್ದಳು. ಕರು ಬಿಟ್ಟಳು, ಎರಡು ಗುಟುಕು ಕುಡಿಸಿದಳು, ಹಣೆಯನ್ನು ಎಮ್ಮೆಯ ಪಕ್ಕೆಗೆ ಆನಿಸಿದಳು. ಎರಡು ವರ್ಷ ಬೆಳಿಗ್ಗೆ ಸಂಜೆ ಆ ಕೈಯೊಂದನ್ನೇ ಕಂಡ ಎಮ್ಮೆ ಕಣ್ಣು ಅರ್ಧ ಮುಚ್ಚಿ ಹಾಲು ಇಳಿಸಿತು. ಚರಿಗೆಯಲ್ಲಿ ನೊರೆ ಎದ್ದಿತು. ಇಷ್ಟು ಖರೆಯ ಎಮ್ಮೆ ಮಾಲಕಿಯನ್ನು ಮೇಡಂ ತನ್ನ ನೌಕರಿಯಲ್ಲಿ ನೋಡಿರಲಿಲ್ಲ.

ದೌಲತರಾಯ ಬಂದ. ಮೂರು ಪ್ರತಿ ಕಾಗದ ಹೊರಬಂದವು. ಫಲಾನುಭವಿಗೆ ಓದಿ ಹೇಳಬೇಕೆಂಬ ನಿಯಮ ಇದ್ದುದರಿಂದ ಮೇಡಂ ಗಟ್ಟಿಯಾಗಿ ಓದಿದಳು. "ಮೇಲ್ಕಂಡ ಬಿಲ್ಲೆಯ ಎಮ್ಮೆ ಹಾಗೂ ಅದರ ಕರು ಮುಮತಾಜ ಅವರ ಸ್ವಂತ ಆಸ್ತಿ. ಇವುಗಳ ಮೇಲೆ ಸಂಸ್ಥೆಗಾಗಲಿ, ಅದರ ಅಧ್ಯಕ್ಷರಿಗಾಗಲಿ, ಬೇರೆ ಯಾರಿಗೇ ಆಗಲಿ ಯಾವುದೇ ಹಕ್ಕು ಇರುವುದಿಲ್ಲ."

ದೌಲತರಾಯ ನಗುತ್ತ ಸಹಿ ಮಾಡಿ ಸಿಕ್ಕಾ ಹೊಡೆದ. ಮುಮತಾಜ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಒಂದು ಪ್ರತಿಗೆ ಸುನೀಲಕುಮಾರ ಕೈ ಚಾಚಿದ. "ತರ್ರಿ ಮೇಡಂ, ನಾ ಇಟ್ಟಿರ್ತೇನಿ. ಈಕಿ ಒಲಿಗಿ ಹಾಕ್ತಾಳ."

"ಇಲ್ಲ, ಅವರ ಕೈಗೇ ಕೊಡಬೇಕು."

ಕಾಗದ ಮುಮತಾಜಳ ಕುಪ್ಪಸದೊಳಗೆ ಹೋಯಿತು.

*

ಮೇಡಂ ಧಣಿಯ ಮನೆಗೆ ಊಟಕ್ಕೆ ಹೋದಳು. ಎರಡು ಓಣಿ ಆಚೆ ಆ ಮನೆ. ಊಟ ನಿಧಾನವಾಗಿ ಬಡಿಸಬೇಕು, ಹೋಳಿಗೆ ಮೇಲೆ ಹೋಳಿಗೆ ಹಾಕಬೇಕು, ಆಮೇಲೆ ಭಾಗ್ಯವಂತಿ ದೇವಿಯ ದರ್ಶನ ಮಾಡಿಸಬೇಕು, ಅಷ್ಟರಲ್ಲಿ ಎಮ್ಮೆ ಘತ್ತರಗಿ ಮುಟ್ಟಿ ಎರಡನೆಯ ಬಾಗಿಲಲ್ಲಿ ನಿಂತಿರಬೇಕು ಎಂದು ಲೆಕ್ಕ.

ಟೆಂಪೋ ಹಿಂದುಹಿಂದಾಗಿ ಓಣಿಗೆ ಬಂತು. ಚಂದಪ್ಪ ಮೊದಲು ಕರುವನ್ನು ಎತ್ತಿ ಹಾಕಿದ. ಆಮೇಲೆ ಜೇಬಿನಿಂದ ಇಕ್ಕಳ ತೆಗೆದು ಎಮ್ಮೆಯ ಕಿವಿಗೆ ಕೈ ಹಾಕಿದ.

"ತಡೀ ಚಂದಪ್ಪಣ್ಣ," ಎಂದಳು ಮುಮತಾಜ. ಸುನೀಲಕುಮಾರನ ಕಡೆ ನೋಡಿದಳು. "ಸಣ್ಣ ಧಣ್ಯಾರ, ಕಾರ್ಡ್ ನಾಳೆ ಎಷ್ಟಕ್ಕ ಬರ್ಲಿ?"

"ಯಾವ ಕಾರ್ಡಬೇ?" ಅವನಿಗೆ ಅವಸರವಿತ್ತು. ಅವಸರದಲ್ಲಿ ಮನುಷ್ಯನ ಬಾಯಿಂದ ಖರೆ ಬೀಳುತ್ತದೆ. "ಈಗ ಆಡಿಟ್ ಮೇಡಮ್ಮನ ಮುಂದ ಎಮ್ಮಿ ಅದ ಅಂದಿ, ಹಿಂಡಿ ತೋರಿಸಿದಿ, ಸಹಿ ಮಾಡಿದಿ. ಎಮ್ಮಿ ಇದ್ದಾಕಿಗಿ ರೇಷನ್ ಯಾರ ಕೊಡ್ತಾರ? ಸರೀ ಆಚೀಗಿ."

ಮುಮತಾಜ ಸರಿಯಲಿಲ್ಲ. ಎಮ್ಮೆಯ ಕೊರಳ ಹಗ್ಗವನ್ನು ಗೂಟದಿಂದ ಬಿಚ್ಚಿ ತನ್ನ ಕೈಗೆ ಎರಡು ಸುತ್ತು ಸುತ್ತಿಕೊಂಡಳು.

"ಹಂಗಾದ್ರ ಎಮ್ಮಿ ಇಲ್ಲೇ ಇರ್ತದ."

"ಏನಂದಿ?"

"ಎಮ್ಮಿ ಇದ್ದಾಕಿ ಅಂದ್ರಲ್ಲ. ಇರ್ಲಿ ಅಂದೆ."

"ಲೇ ರಂಡೆ," ಎಂದು ಕೂಗಲು ಬಾಯಿ ತೆರೆದ ಸುನೀಲಕುಮಾರ ಎರಡು ಓಣಿ ಆಚೆಯ ಊಟ ನೆನಪಾಗಿ ದನಿಯನ್ನು ಗಂಟಲಲ್ಲೇ ಹಿಡಿದ. ಬೈಗುಳ ಪಿಸುಮಾತಾಗಿ ಬಂತು. "ರಂಡೆ, ಹಗ್ಗ ಬಿಡು. ಹೊಲಕ್ಕ ಗೊಬ್ಬರ ಮಾಡಿ ಹಾಕ್ತೇನಿ ನಿನ್ನ."

"ಮೆಲ್ಲಕ್ರಿ," ಎಂದಳು ಶಿವಗಂಗಾ ತನ್ನ ಹೊಸ್ತಿಲಿಂದ. "ಮೇಡಮ್ಮಗ ಹೋಳಿಗಿ ನೆತ್ತಿಗೇರೀತು."

ಓಣಿಯ ಹೆಂಗಸರು ಒಬ್ಬೊಬ್ಬರೇ ಬಾಗಿಲಿಗೆ ಬಂದರು. ಯಾರೂ ಒಳಗೆ ಹೋಗಲಿಲ್ಲ. ಸುದ್ದಿ ಮುಟ್ಟಿ ದೌಲತರಾಯನೇ ಊಟದ ಪಂಕ್ತಿಯಿಂದ ಎದ್ದು ಬಂದ. ಬೆರಳಲ್ಲಿ ಎಣ್ಣೆಗಾಯಿಯ ಮಸಾಲೆ ಇನ್ನೂ ಹಾಗೇ ಇತ್ತು. ಅವನೂ ಪಿಸುಗುಟ್ಟಿದ. ನಲವತ್ತು ವರ್ಷ ಊರಲ್ಲಿ ಕೂಗಿಯೇ ಮಾತಾಡಿದವನಿಗೆ ಪಿಸುಗುಟ್ಟುವುದು ಬರುತ್ತಿರಲಿಲ್ಲ, ನಡುನಡುವೆ ಸೀಟಿ ಹೊಡೆದ ಹಾಗಾಗುತ್ತಿತ್ತು.

"ಮುಮತಾಜ, ನೀ ನಿಂತ ನೆಲ ನಂದು. ನಾಳಿ ಮುಂಜಾನಿ ತಗಡು ಕಿತ್ತು ನಿನ್ನ ಮುದುಕೀನ ರಸ್ತಾಕ್ಕ ಹಾಕಿಸ್ತೇನಿ. ನೀ ನನ್ನ ಉಪ್ಪು ತಿಂದಾಕಿ."

"ಉಪ್ಪು ಒಂದ ತಿಂದೀನ್ರಿ ಧಣ್ಯಾರ, ಎಂಟ ತಿಂಗಳದಿಂದ. ಅಕ್ಕಿ ನಿಮ್ಮ ಕಾಗದದಾಗಿನ ಎಮ್ಮಿ ತಿಂತು."

"ಕಾರ್ಡ್ ಮಾಡಸ್ತೇನಿ. ನಾಳೆ. ಭಾಗ್ಯವಂತಿ ಆಣಿ."

"ಕಾರ್ಡ್ ತಂದ ದಿನ ಮಾತಾಡೋಣ್ರಿ. ಅಲ್ಲಿತನಕ ಇದು ಇಲ್ಲೇ ಇರ್ಲಿ."

ಅಷ್ಟರಲ್ಲಿ ಟೆಂಪೋದಲ್ಲಿದ್ದ ಕರು ಕೂಗಿತು. ಇಲ್ಲಿಂದ ಎಮ್ಮೆ ಓಗೊಟ್ಟಿತು. ಕರು ಮತ್ತೆ ಕೂಗಿತು. ಆ ತಾಯಿಮಗಳಿಗೆ ಮಾತ್ರ ಮೆಲ್ಲಗೆ ಎಂದು ಹೇಳುವವರು ಯಾರೂ ಇರಲಿಲ್ಲ.

ಓಣಿಯ ತುದಿಯಲ್ಲಿ ಬಿಳಿ ಬೂಟು ಕಂಡಿತು. ಮೇಡಂ ಎಲೆ ಅಡಿಕೆ ಹಾಕಿಕೊಂಡು ಬಂದಳು. ಟೆಂಪೋ ನೋಡಿದಳು, ಕರು ನೋಡಿದಳು, ಚಂದಪ್ಪನ ಕೈಯ ಇಕ್ಕಳ ನೋಡಿದಳು.

"ಕರು ಯಾಕೆ ಗಾಡಿಯಲ್ಲಿದೆ?"

ಎಲ್ಲರೂ ಮುಮತಾಜಳನ್ನು ನೋಡಿದರು. ಖರೆ ಹೇಳಿದರೆ ಮೇಡಂ ಕಾಗದ ಹರಿಯುತ್ತಾಳೆ, ಕಾಗದ ಹರಿದರೆ ಎಮ್ಮೆ ಧಣಿಯದಾಗುತ್ತದೆ, ಸುಳ್ಳು ಸಹಿ ಮಾಡಿದ ತಪ್ಪು ತನ್ನ ತಲೆಗೇ ಬರುತ್ತದೆ. ಧಣಿಯ ಹಣೆಯ ಮೇಲೆ ಬೆವರು ಸಾಲಾಗಿ ಇಳಿಯುತ್ತಿತ್ತು. ಎಂಟು ವರ್ಷದಲ್ಲಿ ಆ ಹಣೆಯಲ್ಲಿ ಬೆವರನ್ನು ಅವಳು ನೋಡಿರಲಿಲ್ಲ.

"ಕರೂಗ ಜ್ವರ ಬಂದಂಗಿತ್ರಿ," ಎಂದಳು ಮುಮತಾಜ. "ನಮ್ಮ ಧಣ್ಯಾರು ದವಾಖಾನಿಗಿ ಒಯ್ಯಾಕ ಗಾಡಿ ತರಿಸಿದ್ರು. ಈಗ ಆರಾಮ ಆಗ್ಯಾದ. ಧಣ್ಯಾರ, ಇಳಸ್ರಿ ಅದನ್ನ."

ದೌಲತರಾಯ ಚಂದಪ್ಪನ ಕಡೆ ನೋಡಿದ.

"ಆಂವ ಬ್ಯಾಡ್ರಿ, ಆಂವಗ ಅದು ಅಂಜ್ತದ. ನೀವ ಇಳಸ್ರಿ."

ಬಿಳಿ ಧೋತರದ ಅಧ್ಯಕ್ಷರು ಟೆಂಪೋದ ಹಲಗೆ ಹಿಡಿದು ಮೇಲೆ ಹತ್ತಿದರು. ಒದ್ದಾಡುವ ಕರುವನ್ನು ತಬ್ಬಿ ಇಳಿದರು. ಇಳಿಯುವಾಗ ಅದು ಧೋತರದ ಮೇಲೆ ಬಿಸಿಯಾಗಿ ಉಚ್ಚೆ ಹೊಯ್ದಿತು. ಮೇಡಂ ಫೋಟೋ ತೆಗೆದಳು. "ಅಧ್ಯಕ್ಷರು ಹೀಗಿರಬೇಕು," ಎಂದಳು. "ಸುನೀಲಕುಮಾರ್, ಹೊರಡೋಣ. ಘತ್ತರಗಿ ಎಮ್ಮೆ ನೋಡಬೇಕು."

ಸುನೀಲಕುಮಾರ ಕೊರಳಿಗೆ ಕಲ್ಲು ಕಟ್ಟಿದವನಂತೆ ಕಾರು ಹತ್ತಿದ.

*

ಕಾರಿನ ಧೂಳು ಇಳಿಯುವತನಕ ದೌಲತರಾಯ ಒದ್ದೆ ಧೋತರ ಹಿಂಡುತ್ತ ನಿಂತಿದ್ದ. ಆಮೇಲೆ ಅವನ ದನಿ ತಿರುಗಿ ಬಂತು. ಭಾಡಕೋಗಳಿರಾ, ಹಡಸಿಮಕ್ಕಳಿರಾ ಎಂದು ಓಣಿಯ ಏಳು ತಲೆಮಾರನ್ನು ಬೈದು, ಫೋನು ತೆಗೆದು ಪೊಲೀಸು ಸಾಹೇಬರಿಗೆ ಹಚ್ಚಿದ. "ಸಾಹೇಬ್ರ, ಎಮ್ಮಿ ಕಳವು ಆಗ್ಯಾದ್ರಿ. ಕಳ್ಳಿ ಇಲ್ಲೇ ಕಣ್ಣ ಮುಂದ ನಿಂತಾಳ."

ಆ ಕಡೆಯ ದನಿ ದೊಡ್ಡದು. ಎಲ್ಲರಿಗೂ ಕೇಳಿಸಿತು. "ಬಿಲ್ಲಿ ನಂಬರ್ ಹೇಳ್ರಿ ಸಾವ್ಕಾರ್ರ. ಯಾರ ಹೆಸರಿಲೆ ಅದ ಎಮ್ಮಿ?"

ದೌಲತರಾಯ ಫೋನನ್ನು ಕಿವಿಯಿಂದ ತೆಗೆದು ನೋಡಿದ. "ಹಲೋ, ಹಲೋ," ಎಂದಿತು ಅದು. ಅವನು ಬಂದ್ ಮಾಡಿದ.

ಶಿವಗಂಗಾ ಎದ್ದಳು. ಒಳಗೆ ಹೋಗಿ ಬಾವಿಯ ಹಗ್ಗ ತಂದಳು. "ಧಣ್ಯಾರ, ನನ್ನ ಹೆಸರಿಲೆ ಬರದದ್ದು ಯಾವ ಎಮ್ಮಿರಿ?"

ಅವನು ಫೋನನ್ನು ಜೇಬಿಗೆ ತುರುಕಿದ.

"ಕೊಟ್ಟಿಗ್ಯಾಗ ಇನ್ನಾ ಐದ ಅವ. ಈ ಊರಾಗ ಕಾರ್ಡ್ ಹೋದೋರು ಹನ್ನೊಂದ ಮಂದಿ ಉಳದೀವಿ. ಹಂಚಿಕೋತೀವಿ ತಗೋರಿ, ಅದರ ಚಿಂತಿ ನಿಮಗ ಬ್ಯಾಡ." ಹಿಂದೆ ಇನ್ನೊಬ್ಬಳು ಸೀರೆಯ ಸೆರಗನ್ನೇ ಹಗ್ಗದಂತೆ ಹೊಸೆಯುತ್ತ ಬಂದಳು. ಅವಳ ಹಿಂದೆ ಮೂವರು. "ನನಗ ಮುದಿ ಎಮ್ಮಿ ಬ್ಯಾಡ ನೋಡ್ರಿ," "ಏ, ಬಂದದ್ದು ಕಟಗೋ, ಮದಿವಿ ಮಾಡ್ಕೋತಿಯೇನು," ಎಂದು ಜಗಳಾಡುತ್ತಲೇ ಧಣಿಯ ಕೊಟ್ಟಿಗೆಯ ದಾರಿ ಹಿಡಿದರು. ಮುಮತಾಜ ಹಗ್ಗ ಬಿಡಲಿಲ್ಲ. ಎಮ್ಮೆಯನ್ನೂ ಕರುವನ್ನೂ ನಡೆಸಿಕೊಂಡೇ ಅವರ ಹಿಂದೆ ಹೊರಟಳು.

"ಚಂದ್ಯಾ, ಓಡು, ಬಾಗಿಲ ಹಾಕಲೇ," ಎಂದು ದೌಲತರಾಯ ಚೀರಿದ.

ಚಂದಪ್ಪ ಓಡಿದ. ಹೆಂಗಸರಿಗಿಂತ ಮೊದಲೇ ಕೊಟ್ಟಿಗೆ ಮುಟ್ಟಿದ. ಬಾಗಿಲಿಗೆ ಬೀಗ ಹಾಕಿ, ಅದಕ್ಕೆ ಬೆನ್ನು ಕೊಟ್ಟು, ಇಕ್ಕಳ ಹಿಡಿದು ನಿಂತ. ಹೆಂಗಸರೂ ನಿಂತರು. ಆ ಹನ್ನೊಂದು ಹೆಸರುಗಳಲ್ಲಿ ಒಂದು ಅವನ ಹೆಂಡತಿಯದು. ಆಕೆ ಹಗ್ಗವಿಲ್ಲದೆ ಬರಿಗೈಯಲ್ಲಿ ಮುಂದಿನ ಸಾಲಿನಲ್ಲೇ ಬಂದಿದ್ದಳು, ಗಂಡನ ಕಡೆ ನೋಡುತ್ತಿರಲಿಲ್ಲ.

ಹಿಂದಿನಿಂದ ಧಣಿಯ ಬೈಗುಳ ಹತ್ತಿರವಾಗುತ್ತಿತ್ತು. ಚಂದಪ್ಪ ಇಕ್ಕಳವನ್ನು ಜೇಬಿಗಿಟ್ಟು, ಸೊಂಟದ ದಾರಕ್ಕೆ ಕಟ್ಟಿದ್ದ ಕೀಲಿಯನ್ನು ಬಿಚ್ಚಿದ.

"ಕಡೀ ಗೂಟಕ್ಕಿದ್ದದ್ದು ಒದೀತದ," ಎಂದ. "ಅದಕ್ಕ ಎಡಕಿನಿಂದ ಹೋಗ್ರಿ."