ಹೆಸರಿಲ್ಲದ ಪಟ್ಟಿ

ಸದಾಶಿವಯ್ಯನವರು ಮನೆಯಲ್ಲಿದ್ದಾಗ ಹೇಳದೆ ಕೇಳದೆ ಮಿಕ್ಸಿ ಹಾಕುವಂತಿರಲಿಲ್ಲ. ಅವರ ಹೆಂಡತಿ ಬಸಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, "ಏನೂಂದ್ರೆ, ಮಿಕ್ಸಿ ಹಾಕ್ತೀನಿ" ಅನ್ನಬೇಕು, ಅವರು ಪೇಪರ್ ಮಡಿಸಿಕೊಂಡು ವರಾಂಡಕ್ಕೆ ಹೋಗಬೇಕು, ಆಮೇಲೆ ಚಟ್ನಿ. ಮದುವೆಯಾಗಿ ಕುವೆಂಪುನಗರದ ಈ ಮನೆಗೆ ಬಂದ ಹೊಸದರಲ್ಲಿ ಸೊಸೆ ಸರ್ವಮಂಗಳ ಇದನ್ನೂ ಪೂಜೆಯ ಒಂದು ಭಾಗವೆಂದೇ ತಿಳಿದಿದ್ದಳು. ಹೊಸ ಅಂಗಿಯನ್ನು ಮೂರು ಸಲ ಒಗೆದು ಮೆತ್ತಗಾದ ಮೇಲೆಯೇ ಮಾವ ಮೈಗೆ ಹಾಕುವುದು, ಅದೂ ಕಾಲರಿನೊಳಗಿನ ಲೇಬಲ್ಲನ್ನು ಬ್ಲೇಡಿನಿಂದ ಬಿಡಿಸಿದ ಮೇಲೆ. ಪಲ್ಯ ಹೋಗಿ ಅನ್ನಕ್ಕೆ ತಾಕಿತೋ, ತಟ್ಟೆ ಬದಲು. ಇದೆಲ್ಲಕ್ಕೂ ಮನೆಯಲ್ಲಿ ಒಂದೇ ಹೆಸರು: ಶಿಸ್ತು. ಹೆಡ್‌ಮಾಸ್ಟರಾಗಿ ನಿವೃತ್ತರಾದವರಿಗೆ ಶಿಸ್ತಲ್ಲದೆ ಇನ್ನೇನಿರುತ್ತದೆ?

ಅದೇ ಮನೆಯಲ್ಲಿ ಸರ್ವಮಂಗಳಳ ಮಗಳು, ಆರು ವರ್ಷದ ಲಾಸ್ಯ, ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಮಂಚದಡಿ ಸೇರಿದರೆ ಅದು ಹಠ. ಯೂನಿಫಾರಮ್ಮಿನ ಗಂಜಿ ಚುಚ್ಚಿ ಕತ್ತು ಕೆರೆದುಕೊಂಡರೆ ನಖರ. ಕಲಸಿದ ಅನ್ನ ಉಗುಳಿದರೆ ತಾಯಿ ಕೊಟ್ಟ ಸಲಿಗೆ.

"ಹೆಣ್ಮಗು ಕಣಮ್ಮ, ನಾಳೆ ಇನ್ನೊಬ್ಬರ ಮನೆಗೆ ಹೋಗೋದು. ಹಿಂಗೆಲ್ಲ ಆಡಿದ್ರೆ ಯಾರು ಇಟ್ಕೋತಾರೆ?" ಎನ್ನುತ್ತಿದ್ದರು ಬಸಮ್ಮ, ಗಂಡನ ಹೊಸ ಅಂಗಿಯ ಲೇಬಲ್ಲನ್ನು ಎಳೆ ಎಳೆಯಾಗಿ ಬಿಡಿಸುತ್ತಾ.

ಬೀದಿಯ ಕೊನೆಯಲ್ಲೇ ಶಾಲೆ. ಅಲ್ಲಿನ ಆಡಳಿತ ಸಮಿತಿಗೆ ಸದಾಶಿವಯ್ಯನವರೇ ಕಾರ್ಯದರ್ಶಿ. ಗಂಟೆಯೆಂದರೆ ರೈಲು ಕಂಬಿಯ ತುಂಡು. ಅದನ್ನು ಒಂದನೇ ತರಗತಿಯ ಕಿಟಕಿಯ ಮಗ್ಗುಲಿಗೇ ನೇತುಹಾಕಿದ್ದರು. ತೊಂಬತ್ತೊಂಬತ್ತರ ಜುಲೈನ ಒಂದು ಶುಕ್ರವಾರ ಜವಾನ ಗಂಟೆ ಬಾರಿಸಿದಾಗ ಲಾಸ್ಯ ಬೆಂಚಿನ ಕೆಳಗೆ ಹೊಕ್ಕು ಲಂಗ ಒದ್ದೆ ಮಾಡಿಕೊಂಡಳು. ಟೀಚರು ಹಿಂದಿನಿಂದ ಹಿಡಿದೆಳೆದರು. ಲಾಸ್ಯ ಕಚ್ಚಿದಳು.

"ಸಾರ್ ಮೊಮ್ಮಗಳು ಅಂತ ಇಷ್ಟು ದಿನ ಸುಮ್ನಿದ್ವಿ," ಎಂದರು ಮುಖ್ಯೋಪಾಧ್ಯಾಯಿನಿ ವಾಣಿ, ಸರ್ವಮಂಗಳಳನ್ನು ಕರೆಸಿ. "ಸೋಮವಾರದಿಂದ ಎಲ್ಲರ ಹಾಗೆ ಕೂತ್ರೆ ಸರಿ. ಇಲ್ದಿದ್ರೆ ಟೀಸಿ ತಗೊಂಡ್ಬಿಡಿ."

ಹಿಂದಿನ ವರ್ಷ ಇನ್ನೊಂದು ಶಾಲೆ ಇದೇ ಮಾತು ಹೇಳಿ ಕಳಿಸಿತ್ತು. ಮೂರನೆಯದನ್ನು ಎಲ್ಲಿ ಹುಡುಕುವುದು? ಸರ್ವಮಂಗಳ ಗಂಡನನ್ನು ಕೇಳಿದಳು. "ಅಪ್ಪಾಜಿನ ಕೇಳು," ಎಂದ ಶಿವಕುಮಾರ್. ಮದುವೆಯಾದಾಗಿನಿಂದ ಅವನು ಯಾವ ಪ್ರಶ್ನೆಗೂ ಬೇರೆ ಉತ್ತರ ಕೊಟ್ಟವನಲ್ಲ. ಅಪ್ಪಾಜಿಯವರ ಉತ್ತರವೂ ಸಿದ್ಧವಾಗಿತ್ತು: "ಎರಡು ಬಿಗಿ, ಸರಿಹೋಗ್ತಾಳೆ. ಎಂಥೆಂಥವರನ್ನ ತಿದ್ದಿದೀನಿ ನಾನು."

ಶನಿವಾರ ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಮಗಳನ್ನು ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ನೆಲದ ಮೇಲೆ ಕೂತು ಒಂದು ಗಂಟೆ ಮಗುವನ್ನು ಆಡಿಸಿದರು. "ಹಠ ಅಲ್ಲಮ್ಮ ಇದು. ಗಂಟೆ ಹೊಡೆದ್ರೆ ನಮಗೆ ಕೇಳುತ್ತೆ, ಇವಳಿಗೆ ನೋಯುತ್ತೆ. ಇವಳಿಗೆ ಯಾವ್ಯಾವುದು ಆಗಲ್ಲ, ಏನು ಮಾಡಿದ್ರೆ ಸಮಾಧಾನ ಅನ್ನೋದನ್ನ ಬರೆದು ಶಾಲೆಗೆ ಕೊಡಿ."

ಭಾನುವಾರ ಊಟದ ಮೇಜಿನ ಮುಂದೆ ಕೂತು ಸರ್ವಮಂಗಳ ಬರೆದಳು. ಜೋರು ಸದ್ದು ಆಗುವುದಿಲ್ಲ. ಮೊದಲೇ ತಿಳಿಸಬೇಕು, ಎದ್ದು ಹೊರಗೆ ಹೋಗಲು ಬಿಡಬೇಕು. ಬಟ್ಟೆ ಮೆತ್ತಗಿರಬೇಕು, ಗಂಜಿ ಕೂಡದು. ಊಟದಲ್ಲಿ ಒಂದಕ್ಕೊಂದು ತಾಕಿಸಬಾರದು, ಬಲವಂತ ಮಾಡಬಾರದು. ಹಿಂದಿನಿಂದ ಬಂದು ಮುಟ್ಟಬಾರದು. ಸಿಟ್ಟು ಬಂದಾಗ ಮಾತಾಡಿಸದೆ ಬಿಟ್ಟರೆ ತಾನಾಗಿ ಇಳಿಯುತ್ತದೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಹೆಸರು ಬರೆಯುವುದು ಹಾಗೇ ಉಳಿಯಿತು.

ತಿರುಗಿ ಬಂದಾಗ ಕಾಗದ ಮಾವನ ಕೈಯಲ್ಲಿತ್ತು.

"ಇದು ನೀನು ಬರೆದದ್ದಾ?"

"ಹೌದು ಮಾವ."

ಅವರು ಕನ್ನಡಕ ತೆಗೆದು ಒರೆಸಿದರು. ಮುಖದಲ್ಲಿ ಅಪರೂಪದ ಪ್ರಸನ್ನತೆ. "ಪರವಾಗಿಲ್ಲ. ನನ್ನನ್ನ ಚೆನ್ನಾಗಿ ಗಮನಿಸಿದೀಯ. ಅಲ್ಲಿ ಎಷ್ಟು ಸಲ ಹೇಳಿದ್ರೂ ಅವರ ತಲೆಗೆ ಹೋಗಲ್ಲ."

ಅವಳಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಬುಧವಾರದಿಂದ ಮನೆಗೆ ಬಣ್ಣ ಹೊಡೆಸುವುದಿತ್ತು. ಬಣ್ಣದ ವಾಸನೆ ಮಾವನಿಗೆ ಆಗದು. ಹತ್ತು ದಿನ ಅವರು ಸರಸ್ವತಿಪುರದಲ್ಲಿ ತಮ್ಮ ಮಗಳ ಮನೆಯಲ್ಲಿರುವುದೆಂದು ಗೊತ್ತಾಗಿತ್ತು. ಸೊಸೆ ನಾದಿನಿಗೆ ತಮ್ಮ ಉಪಚಾರದ ವಿಧಿ ಬರೆದಿದ್ದಾಳೆ ಎಂದುಕೊಂಡಿದ್ದರು. ಈ ಮನೆಯಲ್ಲಿ ಕಾಗದ ಹಾಳುಮಾಡಿ ಬರೆಯುವಷ್ಟು ಯೋಗ್ಯತೆ ಇನ್ನಾರ ನೋವಿಗಿತ್ತು?

ಸದಾಶಿವಯ್ಯನವರು ಪೆನ್ನು ತೆಗೆದು ಅಭ್ಯಾಸದಂತೆ ಒಂದು ಕಾಗುಣಿತ ತಿದ್ದಿದರು. ಕೆಳಗೆ 'ಕಾಫಿ ಆರಿರಬಾರದು' ಎಂದು ಸೇರಿಸಿದರು. ಅದರ ಕೆಳಗೆ, 'ಇದು ಹಠವಲ್ಲ, ದೇಹಪ್ರಕೃತಿ. ತಪ್ಪದೆ ಪಾಲಿಸತಕ್ಕದ್ದು' ಎಂದು ಬರೆದು, ತಾರೀಖು ಹಾಕಿ, ಉದ್ದ ಬಾಲದ ಸಹಿ ಮಾಡಿದರು.

ಕಾಗದ ಹಿಡಿದು ನಿಂತ ಸರ್ವಮಂಗಳಳಿಗೆ ನಗು ಬರಲಿಲ್ಲ. ಎಂಟು ವರ್ಷದಿಂದ ತಾನು ನರೆಗೂದಲಿನ ಇನ್ನೊಬ್ಬ ಲಾಸ್ಯಳಿಗೆ ಬಡಿಸುತ್ತಿದ್ದೆನಲ್ಲ ಎನಿಸಿತು. ಈ ಹಿರಿಯ ಲಾಸ್ಯಳಿಗೆ ಯಾರೂ ಎರಡು ಬಿಗಿದಿರಲಿಲ್ಲ. ಟೀಸಿ ಕೊಡುತ್ತೇನೆ ಎಂದಿರಲಿಲ್ಲ. ನಲವತ್ತು ವರ್ಷ ಬಸಮ್ಮ ಬ್ಲೇಡು ಹಿಡಿದು ಕೂತಿದ್ದರು, ಅಷ್ಟೆ. ಮಾವನಿಗೆ ನಿಜ ಹೇಳಬೇಕೆಂದುಕೊಂಡಳು. ಹೇಳದೆ ಕಾಗದ ಮಡಿಸಿಟ್ಟುಕೊಂಡಳು.

ಸೋಮವಾರ ಕಾಗದದ ತಲೆಯ ಮೇಲೆ 'ಲಾಸ್ಯ, ಒಂದನೇ ತರಗತಿ' ಎಂದು ಬರೆದು ಕೊಟ್ಟಳು. ವಾಣಿ ಮೇಡಂ ಮೊದಲು ಸಹಿ ನೋಡಿ ಕುರ್ಚಿಯಿಂದ ಅರ್ಧ ಎದ್ದರು, ಆಮೇಲೆ ಓದಿದರು.

"ದೇಹಪ್ರಕೃತಿ ಅಂತ ಸಾರೇ ಬರೆದ್ಮೇಲೆ ಮುಗೀತು. ಮೊದಲೇ ಹೇಳಬಾರದಾ ನೀವು?"

ಜೂನ್‌ನಿಂದ ಅವಳು ನಾಲ್ಕು ಸಲ ಹೇಳಿದ್ದಳು. ಆದರೆ ಅವಳ ಮಾತಿಗೆ ಬಾಲದ ಸಹಿ ಇರಲಿಲ್ಲ.

"ಅಲ್ಲಾ, ಕಾಫಿ ಅಂತಿದೆಯಲ್ಲ. ಮಗೂಗೆ ಕಾಫಿ ಕೊಡ್ತೀರಾ?"

"ಅದೊಂದು ಬಿಟ್ಬಿಡಿ ಮೇಡಂ."

ಮಧ್ಯಾಹ್ನದೊಳಗೆ ಕಂಬಿ ತುಂಡು ಗೇಟಿನ ಬೇವಿನ ಮರಕ್ಕೆ ಹೋಯಿತು. ಸಂಜೆ ಮನೆಗೆ ಫೋನು ಬಂತು. ನಿಮ್ಮ ಸೂಚನೆಯಂತೆ ಎಲ್ಲ ಮಾಡಿದ್ದೇವೆ ಎಂದು ವಾಣಿ ಮೇಡಂ ಒಪ್ಪಿಸುತ್ತಿದ್ದರು. ಸದಾಶಿವಯ್ಯನವರು 'ಹ್ಞಾ, ಹ್ಞಾ' ಎನ್ನುತ್ತಲೇ ಕೆಂಪಾದರು. ರಿಸೀವರ್ ಇಟ್ಟು ಸೊಸೆಯ ಕಡೆ ತಿರುಗಿದರು.

"ನನ್ನ ಸಹಿ ಇಟ್ಕೊಂಡು ಮೋಸ ಮಾಡಿದೀಯ."

"ಮೋಸಾನೇ ಮಾವ. ಆವತ್ತೇ ಹೇಳಬೇಕಿತ್ತು, ಹೇಳಲಿಲ್ಲ," ಎಂದಳು ಸರ್ವಮಂಗಳ. "ಅದು ಲಾಸ್ಯಂಗೆ ಅಂತಲೇ ಬರೆದದ್ದು. ನೀವು ನಿಮ್ದು ಅಂದ್ಕೊಂಡ್ರಿ. ಈಗಲೂ ಕಾಲ ಮಿಂಚಿಲ್ಲ. ಅದು ಮೊಮ್ಮಗಳದಲ್ಲ, ನನ್ನದು ಅಂತ ನೀವೇ ಅವರಿಗೆ ಫೋನ್ ಮಾಡಿ. ನಾಳೆ ಹೋಗಿ ವಾಪಸ್ ತರ್ತೀನಿ."

ಸದಾಶಿವಯ್ಯನವರು ಫೋನಿನ ಕಡೆ ನೋಡಿದರು. ಶಿವಕುಮಾರ್ ಓದಿಯಾಗಿದ್ದ ಪೇಪರನ್ನು ಮತ್ತೆ ಬಿಡಿಸಿಕೊಂಡ. ಯಾರೂ ಫೋನು ಮುಟ್ಟಲಿಲ್ಲ.

ಅಡುಗೆಮನೆಯ ಬಾಗಿಲಿಗೆ ಬಸಮ್ಮ ಬಂದರು. ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದರೋ, ಸೆರಗಿನ ತುದಿ ಬಾಯಿಗೆ ಅಡ್ಡವಿತ್ತು.

"ತಾತ, ಮೊಮ್ಮಗಳು ಇಬ್ರೂ ವರಾಂಡಕ್ಕೆ ಹೋಗಿ," ಎಂದರು. "ಮಿಕ್ಸಿ ಹಾಕ್ತೀನಿ."

ಲಾಸ್ಯ ಆಗಲೇ ಹೊಸಿಲಲ್ಲಿದ್ದಳು. ಸದಾಶಿವಯ್ಯನವರು ಸ್ವಲ್ಪ ಹೊತ್ತು ಕೂತೇ ಇದ್ದರು. ಆಮೇಲೆ ಎದ್ದರು. ವರಾಂಡದ ಬೆಂಚಿನ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬಳು. ಒಳಗೆ ಮಿಕ್ಸಿ ಶುರುವಾಯಿತು. ನಾಲ್ಕು ಕೈಗಳು ಒಟ್ಟಿಗೆ ಕಿವಿಗೆ ಹೋದವು.

ಆ ದಿನ ಬಸಮ್ಮ ಚಟ್ನಿಯನ್ನು ಬೇಕಾದ್ದಕ್ಕಿಂತ ತುಸು ನುಣ್ಣಗೇ ರುಬ್ಬಿದರು.