ಒತ್ತಾಯವಿಲ್ಲದ ಊಟ

ಯಲ್ಲಾಪುರದ ಆ ಬ್ರಿಟಿಷ್ ಬಂಗಲೆ ನಾನು ಕಂಡಾಗಿನಿಂದ ಬಾವಲಿಗಳದ್ದೇ ಮನೆ. ಈಗ ಹಂಚು ತಿರುವಿ, ಸುಣ್ಣ ಹೊಡೆದು, ಗೋವಾದಿಂದ ಬಂದ ಫ್ರೆಂಚ್ ಹೆಂಗಸೊಬ್ಬಳು ಹೋಟೆಲು ಮಾಡಿದ್ದಾಳೆ. ನಮ್ಮ ಮಗಳು ನಮಿತಾ ಅಲ್ಲಿ ಬಡಿಸುವ ಕೆಲಸಕ್ಕಿದ್ದಾಳೆ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಮಾಡಿ, ಕೊನೆಗೂ ಅಪ್ಪನನ್ನೂ ನನ್ನನ್ನೂ ಒಂದೇ ಮೇಜಿಗೆ ಕೂರಿಸಿದಳು.

ನಾನು ಗಂಡನ ಮನೆ ಬಿಟ್ಟು ಎರಡು ವರ್ಷ. ಅತ್ತೆ ಹತ್ತು ಜನರ ಎದುರು ನನಗೆ ಹೊರಡು ಎಂದಾಗ, ನನ್ನ ಗಂಡ, ಈ ವಿಘ್ನೇಶ್ವರ ಹೆಗಡೆ ಎಂಬ ಮಹಾನುಭಾವರು ತಲೆ ಎತ್ತದೆ ಮಜ್ಜಿಗೆ ಅನ್ನ ಉಣ್ಣುತ್ತಿದ್ದರು. ಇಸಳೂರಿನ ಅಣ್ಣನ ಮನೆ ಸೇರಿದೆ. ಅತ್ತೆ ಹೋದ ವರ್ಷ ತೀರಿಕೊಂಡರು. ಅತ್ತಿಗೆಯ ಮುಖ ನೋಡುತ್ತ ಕಾಫಿ ಕುಡಿದು ನನಗೂ ಸಾಕಾಗಿತ್ತು. ಇವರು ಕರೆದರೆ ಹೋಗಿಯೇಬಿಡುವುದು ಎಂದು ಚೀಲ ಕಟ್ಟಿ ಬಾಗಿಲ ಹಿಂದಿಟ್ಟೇ ಬಸ್ಸು ಹತ್ತಿದ್ದೆ.

ಇಷ್ಟಗಲದ ಬಿಳಿ ತಟ್ಟೆ, ನಡುವೆ ನಾಲ್ಕು ಬೀನ್ಸು. ಬೆಣ್ಣೆ ಹಚ್ಚಿದ ಬಿಸಿ ಬ್ರೆಡ್ಡು ಮಾತ್ರ, ದೇವರಾಣೆ, ಬಾಯಲ್ಲಿ ಕರಗಿತು.

"ಇನ್ನೊಂದು ಹಾಕ್ಲಾ ಆಯಿ?" ಎಂದಳು ನಮಿತಾ.

"ಬ್ಯಾಡ, ಬ್ಯಾಡ" ಎಂದು ಕೈ ಅಡ್ಡ ಹಿಡಿದೆ. ಕೇಳಿದ ಕೂಡಲೇ ಹಾಕಿಸಿಕೊಳ್ಳಲು ನಾನೇನು ಬರಗೆಟ್ಟವಳೇ? ನಮ್ಮ ಪಂಕ್ತಿಯಲ್ಲಿ ಬೇಡವೆಂದವರ ಬೆರಳ ಸಂದಿಯಲ್ಲೇ ಹೋಳಿಗೆ ತೂರಿಸುತ್ತಾರೆ. ಇವಳು ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು!

"ಎಂತದೇ ಇದು?"

"ಇಲ್ಲಿ ಬ್ಯಾಡ ಅಂದ್ರೆ ಒತ್ತಾಯ ಮಾಡ್ಲಾಗ ಆಯಿ. ಅದು ಮರ್ಯಾದೆ ಅಲ್ದಡ, ಮೇಡಮ್ ಹೇಳ್ತು."

"ಚೊಲೋ ಪದ್ಧತಿ" ಎಂದರು ಇವರು.

ಆಮೇಲೆ ತಟ್ಟೆ ಬದಿಗೆ ಸರಿಸಿ, "ಸುಬ್ಬಲಕ್ಷ್ಮಿ, ಮನೆಗೆ ಬತ್ಯನೇ?" ಎಂದರು.

ಬರುತ್ತೇನೆ, ಈಗಲೇ ಬರುತ್ತೇನೆ ಎಂದಿತು ಮನಸ್ಸು! ಆದರೆ ಬಾಯಿ ತನ್ನ ಚಾಳಿ ಬಿಟ್ಟೀತೇ?

"ಬ್ಯಾಡ. ಆನು ಇಸಳೂರಲ್ಲೇ ಅರಾಮಿದ್ದಿ" ಎಂದೆ. ಇನ್ನೊಮ್ಮೆ ಕೇಳಲಿ ಎಂದು ಸೆರಗು ಸರಿಮಾಡಿಕೊಳ್ಳುತ್ತ ಕಾದೆ.

"ಅಡ್ಡಿಲ್ಲೆ" ಎಂದರು, ಬಲು ಮರ್ಯಾದೆಯಿಂದ. ಮಡಿಲ ಮೇಲಿನ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. ಊರ ಮದುವೆಗಳಲ್ಲಿ ಒತ್ತಾಯ ಮಾಡಿ ಜಿಲೇಬಿ ಬಡಿಸುವುದರಲ್ಲಿ ಇವರದ್ದು ಎತ್ತಿದ ಕೈ. ನನಗೊಂದು ಸಲ ಮಾಡಿದ್ದರೆ ಗಂಟು ಹೋಗುತ್ತಿತ್ತೇ?

ಇವರು ಸಿದ್ದಾಪುರದ ಮನೆಗೆ ಹೋದರು, ನಾನು ಇಸಳೂರಿಗೆ ಬಂದೆ. ಚೀಲ ಬಿಚ್ಚಿಲ್ಲ, ಬಾಗಿಲ ಹಿಂದೆಯೇ ಇದೆ. ಅತ್ತಿಗೆ ದಿನಾ ಅದನ್ನು ನೋಡುತ್ತಾಳೆ. ಅವಳೊಬ್ಬಳೇ ಬಿಡದೆ, ಒತ್ತಾಯ ಮಾಡಿ ಕೇಳುವವಳು: "ಹೊರಡದು ಯಾವಾಗ?"