ಕೊನೆಯ ಉಡಿ

ಚೀಲದ ಬಾಯಿ ಬಿಚ್ಚಿದ ಕೂಡಲೇ ಕೊಬ್ಬರಿಯ ವಾಸನೆ ಬಂತು. ಅತನೂರಿನ ಮನೆಯಲ್ಲಿ ಅವ್ವ ಜೋಳದ ರಾಶಿಯೊಳಗೆ ಕೈ ತೂರಿಸಿ, ಹುಗಿದಿಟ್ಟ ಕೊಬ್ಬರಿ ಬಟ್ಟಲು ಹೊರತೆಗೆಯುವಾಗ ಬರುತ್ತಿದ್ದ ವಾಸನೆ. ಎಣ್ಣೆಯೂ ಜೋಳದ ಧೂಳೂ ಬೆರೆತದ್ದು. ದ್ರೌಪದಿಗೆ ತಾನು ಎಲ್ಲಿ ನಿಂತಿದ್ದೇನೆಂಬುದೇ ಒಂದು ಗಳಿಗೆ ಮರೆತುಹೋಯಿತು.

ಹೈದರಾಬಾದಿನ ವಿಮಾನ ನಿಲ್ದಾಣದ ತಪಾಸಣೆಯ ಮೇಜು. ಖಾಕಿ ತೊಟ್ಟ ಹುಡುಗಿ ಸೀರೆ, ಕುಪ್ಪಸ, ಅಕ್ಕಿ, ಉತ್ತತ್ತಿಗಳನ್ನು ಬದಿಗಿಟ್ಟು, ಕೊಬ್ಬರಿ ಬಟ್ಟಲುಗಳನ್ನಷ್ಟೇ ಬೇರೆ ಮಾಡಿ ಹಿಂದಿಯಲ್ಲಿ ಏನೋ ಅಂದಳು.

ಸಾಲಿನಲ್ಲಿ ಹಿಂದೆ ನಿಂತು ಆಗಲೇ ಪರಿಚಯವಾಗಿದ್ದ ಆಳಂದದ ಮೆಹರಾಜಬೇಗಂ ತಿಳಿಸಿ ಹೇಳಿದಳು. “ಒಣಾ ಕೊಬ್ರಿಗಿ ಬೆಂಕಿ ಲಗೂ ಹತ್ತತದಂತ ಅಕ್ಕಾ. ಕೈಚೀಲದಾಗೂ ಬಿಡಾಂಗಿಲ್ಲಂತ, ದೊಡ್ಡ ಸಾಮಾನಿನಾಗೂ ಬಿಡಾಂಗಿಲ್ಲಂತ.”

“ಕೊಬ್ರಿ ತೋರ್ಸಿ ವಿಮಾನ ಓಡಿಸ್ಕೊಂಡ್ ಹೋಗ್ತಾಳೇನ್ರಿ ನಮ್ಮಕ್ಕ?” ದ್ರೌಪದಿಯ ತಮ್ಮ ದೌಲತರಾಯ ರೇಗಿದ.

“ಸುಮ್ನಿರೋ ದೌಲತಾ.” ದ್ರೌಪದಿ ಹುಡುಗಿಯ ಕಡೆ ತಿರುಗಿದಳು. “ದಿಲ್ಲ್ಯಾಗ ನನ್ನ ಮಗಳು ತೀರ್ಕೊಂಡಾಳವ್ವಾ. ಮುತ್ತೈದಿ. ಮಣ್ಣ ಮಾಡೂಕಿಂತ ಮೊದಲ ತವರಿನವರು ಉಡಿ ತುಂಬಬೇಕು. ಅದಕ್ಕ ತಂದೀನಿ.”

ಮೆಹರಾಜಬೇಗಂ ಅದನ್ನು ಹಿಂದಿಯಲ್ಲಿ ಹೇಳಿದಳು. ಹುಡುಗಿ ಮೇಲಿನ ಅಧಿಕಾರಿಯನ್ನು ಕರೆದಳು. ಆತ ಬಂದು ಕೇಳಿಸಿಕೊಂಡು, ನೆಲ ನೋಡುತ್ತ ಆಗದೆಂದು ತಲೆಯಾಡಿಸಿ ಹೋದ.

“ಅಲ್ಲೇ ದಿಲ್ಲ್ಯಾಗ, ಅಂಗಡ್ಯಾಗ ಕೊಂಡ್ಕೋರಿ ಅನ್ನಾಕತ್ತಾರ,” ಎಂದಳು ಮೆಹರಾಜಬೇಗಂ.

“ಅಂಗಡ್ಯಾಗ ಸಿಗ್ತದ ತಂಗಿ. ಖರೆ, ಅದು ತವರಿಂದು ಹ್ಯಾಂಗಾದೀತು?”

ದಿಲ್ಲಿಯ ವಿಮಾನಕ್ಕೆ ಕೂಗಿ ಕರೆದರು. ಅಳಿಯ ಸಂಜೆಯತನಕ ಮಾತ್ರ ಕಾಯುತ್ತೇವೆಂದಿದ್ದ. “ರೈಲಿಗೆ ಹೋದ್ರ ಮುಖಾನೂ ಸಿಗಾಂಗಿಲ್ಲಕ್ಕಾ,” ಎಂದ ದೌಲತರಾಯ, ಈಗ ಮೆತ್ತಗೆ. ದ್ರೌಪದಿ ಬಟ್ಟಲುಗಳನ್ನು ತಾನೇ ಹುಡುಗಿಯ ಕಡೆ ಸರಿಸಿದಳು. ಹುಡುಗಿ ಅವನ್ನು ಕಸದ ಡಬ್ಬಿಗೆ ಎಸೆಯಲಿಲ್ಲ. ಕಾಗದದಲ್ಲಿ ಸುತ್ತಿ ಮೇಜಿನ ಅಂಚಿಗಿಟ್ಟಳು. ಬಿಚ್ಚಿದ್ದ ಸೀರೆಯನ್ನು ಹಳೆಯ ಮಡಿಕೆಗಳ ಮೇಲೆಯೇ ಮಡಚಿ ಚೀಲದಲ್ಲಿಟ್ಟಳು.

ದಿಲ್ಲಿಯ ಆ ಸಣ್ಣ ಮನೆಯಲ್ಲಿ ಮಗಳು ಭಾಗ್ಯಜ್ಯೋತಿಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ತಲೆತುಂಬ ಹೂವು. ಮಣ್ಣಿಗೆ ಒಯ್ಯುವ ಗಾಡಿ ಬಾಗಿಲಲ್ಲಿ ನಿಂತಿತ್ತು. ಅಂಗಡಿ ಹುಡುಕಲು ಹೊತ್ತಿರಲಿಲ್ಲ. ದ್ರೌಪದಿ ಅಕ್ಕಿ ಹಾಕಿದಳು, ಉತ್ತತ್ತಿ ಹಾಕಿದಳು, ಎಲೆ ಅಡಿಕೆ ಇಟ್ಟಳು. ಮಗಳ ಸೆರಗನ್ನು ಗಂಟು ಕಟ್ಟಿ, ಅಂಗೈಯಲ್ಲಿ ಹಿಡಿದು ತೂಗಿದಳು.

“ಉಡಿ ಹಗುರಾತಲ್ಲೋ ದೌಲತಾ.”



ಮಣ್ಣು ಮಾಡಿ ಬಂದಾಗ ಕತ್ತಲಾಗುತ್ತಿತ್ತು. ಆ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಮಗಳು ಒರಗಿದ್ದ ಗೋಡೆಗೇ ದ್ರೌಪದಿ ಒರಗಿ ಕುಳಿತಳು. ಪಕ್ಕದ ಮನೆಯಾಕೆ ಬಂದಳು. ಇವಳ ಮಾತು ಅವಳಿಗೆ ಬಾರದು, ಅವಳ ಮಾತು ಇವಳಿಗೆ ಬಾರದು. ಅವಳು ಪಕ್ಕದಲ್ಲೇ ನೆಲಕ್ಕೆ ಕುಳಿತು, ತಂದಿದ್ದ ತಟ್ಟೆಯ ಮೇಲಿನ ಬಟ್ಟೆ ಸರಿಸಿ, ಬಿಸಿ ರೊಟ್ಟಿಯನ್ನು ಚೂರು ಚೂರು ಮುರಿದು ಬೇಳೆಯಲ್ಲಿ ನೆನೆಸಿದಳು. ಆಮೇಲೆ ದ್ರೌಪದಿಯ ಮಡಚಿದ ಅಂಗೈ ಬಿಡಿಸಿ, ತಟ್ಟೆಯನ್ನು ಅದರ ಮೇಲಿಟ್ಟಳು.